ವನ್ಸ್ ಮೋರ್ ಎನ್ನುತ್ತಿದ್ದ ಮಾಸ್ತರರು

ನಮ್ಮ ಗಾಯನದ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಾಗ. ನೇಸರಿಯಿಂದ ಬಸ್ಸಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು ಉಪ್ಪಿನಕಾಯಿಯನ್ನು ನನ್ನ ಕಡೆ ಸರಿಸುತ್ತ, "ನಮ್ಮೂರಾಗ ಒಬ್ರು ಪೇಟಿ ಮಾಸ್ತರ ಇದ್ರ ನೋಡ್ರಿ, ಹಣ್ಣಹಣ್ಣ ಮುದುಕರು. ಹ್ವಾದ ವಾರ ಹೋದ್ರು" ಎಂದರು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅವರು ಮತ್ತೊಂದು ಮಾತನ್ನೂ ಹೇಳಿದರು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಮಾಸ್ತರರ ಬಗ್ಗೆ ಬರೆಯಲು ನನಗೆ ಮುಖವೇ ಉಳಿಯುವುದಿಲ್ಲ.

ಅವರು ಗಡಹಿಂಗ್ಲಜದ ನಮ್ಮ ಮರಾಠಿ ಶಾಲೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಾನಾಗ ಎರಡನೆಯ ಇಯತ್ತೆ. ಅದಕ್ಕೆ ಮೊದಲು ಕೊಲ್ಹಾಪುರದಲ್ಲಿ ಯಾವುದೋ ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದರಂತೆ. ಸಿನಿಮಾ ಬಂದು ಕಂಪನಿ ಮುಳುಗಿತು, ಇವರು ಪೇಟಿ ಹೊತ್ತುಕೊಂಡು ತಮ್ಮೂರು ನೇಸರಿಗೆ ಬಂದರು. ಕಂಪನಿಯಲ್ಲಿ ನೀವೇನು ದೊಡ್ಡ ಕಲಾವಿದರೇ ಎಂದು ಯಾರಾದರೂ ಕೇಳಿದರೆ, "ಛೇ ಛೇ, ನಾ ಎರಡನೇ ಪೇಟಿ. ಮೊದಲನೇದಾಂವ ಜ್ವರ ಬಂದ ಮಲಗಿದಾಗ ನನಗ ಮಾನ" ಎಂದು ನಗುತ್ತಿದ್ದರು. ತೆಳ್ಳಗಿನ ಆಳು, ಬಿಳಿ ಟೋಪಿ, ಬೇಸಿಗೆಯಲ್ಲೂ ಬಿಚ್ಚದ ಕರಿಯ ಕೋಟು. ಗಾಳಿ ಒತ್ತುವ ಎಡಗೈಯ ಮೊಣಕೈ ಹತ್ತಿರ ಆ ಕೋಟು ಸವೆದು ಮಿರಿಮಿರಿ ಮಿಂಚುತ್ತಿತ್ತು.

ಒಳ್ಳೆಯ ಗುಣಗಳನ್ನೇ ಹೇಳಿದರೆ ಅವರೇ ನಂಬಲಿಕ್ಕಿಲ್ಲ. ಗಣಿತದ ತಾಸು ಕೊಟ್ಟರೆ ಮಗ್ಗಿ ಹೇಳಲು ಹಚ್ಚಿ ಕೂತಲ್ಲೇ ತೂಕಡಿಸುತ್ತಿದ್ದರು. ತಲೆಗೆ ಹಾಕುವ ವಾಸನೆ ಎಣ್ಣೆಯ ಬಗ್ಗೆ ಭಾರಿ ಜಂಬ. ಎಲ್ಲಕ್ಕಿಂತ ಮೇಲಾಗಿ ಪುಕ್ಕಲರು. ಹೆಡ್ ಮಾಸ್ತರರು ಕಾರಿಡಾರಿನ ಆ ತುದಿಯಲ್ಲಿ ಕೆಮ್ಮಿದರೆ ಈ ತುದಿಯಲ್ಲಿ ಇವರ ಕೈ ತಾನಾಗಿ ಟೋಪಿಗೆ ಹೋಗುತ್ತಿತ್ತು. ನಾವು ಮಕ್ಕಳು ಬೇಕೆಂದೇ ಕಿಟಕಿಯಾಚೆ ನಿಂತು ದಪ್ಪ ದನಿಯಲ್ಲಿ ಕೆಮ್ಮಿ, ಅವರು ಟೋಪಿ ಸರಿಮಾಡಿಕೊಳ್ಳುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು.

ಆದರೆ ಪೇಟಿಯ ಮುಂದೆ ಕೂತರೆ ಅವರ ರೀತಿಯೇ ಬೇರೆ. ಬೇರೆ ಮಾಸ್ತರರು ಒಂದು ಸುರ ಒತ್ತಿ ಹಿಡಿದು, "ಹಾಂ, ಇದರಾಗ ಹಾಡ್ರಿ" ಎನ್ನುವವರು. ಸುರ ಸಿಗದ ಮಗುವಿಗೆ ಬೆನ್ನ ಮೇಲೊಂದು ಗುದ್ದು. ಇವರು ಮೊದಲು ಮಗುವಿಗೆ ಹಾಡಲು ಬಿಡುತ್ತಿದ್ದರು. ಆಮೇಲೆ ಒಂದೇ ಬೆರಳಿನಲ್ಲಿ, ಬೆಕ್ಕು ಹೆಜ್ಜೆ ಇಟ್ಟಂತೆ, ಪಟ್ಟಿಗಳ ಮೇಲೆ ಆ ಮಗುವಿನ ಸುರವನ್ನು ಹುಡುಕುತ್ತಿದ್ದರು. ಕೆಲವು ಸಲ ಸಿಗುತ್ತಿರಲಿಲ್ಲ. ಆಗ ಬಿಳಿ ಪಟ್ಟಿಗೂ ಕರಿ ಪಟ್ಟಿಗೂ ನಡುವಿನ ಸಂದಿಗೆ ಉಗುರಿನಿಂದ ತಟ್ಟಿ, "ನಿಂದು ಇಲ್ಲೈತಿ ನೋಡ ತಂಗಿ, ಈ ಸಂದ್ಯಾಗ. ಪೇಟಿ ಮಾಡಿದಾಂವಗ ಇಲ್ಲೊಂದ ಮನಿ ಕಟ್ಟಾಕ ತಿಳದಿಲ್ಲ" ಎನ್ನುತ್ತಿದ್ದರು. ಬೆನ್ನಿಗೆ ಗುದ್ದು ನಿರೀಕ್ಷಿಸುತ್ತಿದ್ದ ಮಗು ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

ಮನಸ್ಸಿಗೆ ಬಂದ ಹಾಡು ಕಟ್ಟಿ ಹಾಡಿದವರಿಗೆ ಕೋಟಿನ ಜೇಬಿನಿಂದ ಒಂದು ಗೋಡಂಬಿ. ಅವರ ಅಕ್ಕನನ್ನು ಆಜರಾಕ್ಕೆ ಕೊಟ್ಟಿದ್ದರು, ಅಲ್ಲಿಂದ ಬಂದ ಮಾಲು. ಕಲಿಸಿದ ಹಾಡನ್ನು ಎಷ್ಟೇ ಚೆನ್ನಾಗಿ ಹಾಡಿದರೂ ಗೋಡಂಬಿ ಇಲ್ಲ. "ಅದು ನಂದ, ನಿಂದಲ್ಲ" ಎಂದು ಜೇಬಿಗೆ ಗುಂಡಿ ಹಾಕಿಕೊಳ್ಳುತ್ತಿದ್ದರು. ಹೊಸ ಹಾಡು ಕೇಳಿದ ಮೇಲೆ ಕೋಟಿನ ಕಾಲರು ಮೇಲೆತ್ತಿ, ಹಿಂದಿನ ಸಾಲಿನ ಪ್ರೇಕ್ಷಕನ ಥರ ಮೂಗಿನ ದನಿಯಲ್ಲಿ, "ವನ್ಸ್ ಮೋರ್!" ಎಂದು ಕೂಗುವುದು ಅವರ ಅಭ್ಯಾಸ. ನಮ್ಮಲ್ಲಿ ಯಾರಿಗೂ ಅದೇ ಹಾಡನ್ನು ಮತ್ತೆ ಅದೇ ಥರ ಹಾಡಲು ಬರುತ್ತಿರಲಿಲ್ಲ. ಎರಡನೆಯ ಸಲ ಮಾತು ಬದಲಾಗುತ್ತಿತ್ತು, ಚಾಲು, ಅಂದರೆ ಧಾಟಿ, ಎತ್ತಲೋ ಹರಿದು ಹೋಗುತ್ತಿತ್ತು. ಅವರಿಗೆ ಅದೇ ಖುಷಿ. ಕಂಪನಿಯಲ್ಲಿ ಒಬ್ಬ ನಟ ಇದ್ದನಂತೆ, ವನ್ಸ್ ಮೋರ್ ಬಂದಾಗಲೆಲ್ಲ ಪದವನ್ನು ಹೊಸದಾಗಿ ತಿರುವುತ್ತಿದ್ದನಂತೆ. "ಮಂದಿ ವನ್ಸ್ ಮೋರ್ ಅನ್ನೂದು ಯಾಕ? ಆಗ ಹಾಡಿದ್ದ ಕಿವಿಯಾಗ ಐತೆಲ್ಲಾ, ಅದನ್ನ ಮತ್ತ ಯಾಕ ಕೇಳ್ಬೇಕು? ಈಗ ಏನ ಮಾಡ್ತಾನ ಅಂತ ನೋಡಾಕ."

ಹೆಡ್ ಮಾಸ್ತರರಿಗೆ ಇದು ಹಿಡಿಸುತ್ತಿರಲಿಲ್ಲ. ಅವರ ಪ್ರಕಾರ ಹಾಡು ಎಂದರೆ ಪ್ರಾರ್ಥನೆ. ಇಡೀ ಶಾಲೆ ಒಂದೇ ಬಾಯಿಯಿಂದ ಹಾಡಿದಂತೆ ಕೇಳಬೇಕು. ಒಂದು ದಿನ ಬಾಗಿಲಲ್ಲಿ ನಿಂತು, "ಮಾಸ್ತರ, ಮುಲಾಂನಾ ಚಾಲ ಶಿಕವಾ. ಮುಲಾಂಕಡೂನ ಶಿಕೂ ನಕಾ" ಎಂದರು. ಮಕ್ಕಳಿಗೆ ಚಾಲು ಕಲಿಸಿ, ಮಕ್ಕಳಿಂದ ಕಲಿಯಬೇಡಿ ಎಂದು. ಮಾಸ್ತರರ ಕೈ ಟೋಪಿಗೆ ಹೋಯಿತು. "ಹೋಯ ಸರ್" ಎಂದರು. ಹೆಡ್ ಮಾಸ್ತರರು ಹೋದ ಮೇಲೆ ಜೇಬಿನಿಂದ ಒಂದು ಗೋಡಂಬಿ ತೆಗೆದು ತಾವೇ ತಿಂದರು.

ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮ ಅಪ್ಪನದು ಮೆಣಸಿನಕಾಯಿ ಮತ್ತು ಬೆಲ್ಲದ ಅಂಗಡಿ. ಮನೆಯಲ್ಲಿ ಕನ್ನಡ, ಗಿರಾಕಿಗಳ ಜೊತೆ ಮರಾಠಿ, ಸಿಟ್ಟು ಬಂದಾಗ ಎರಡೂ. ಸುಗ್ಗಿಯಲ್ಲಿ ಅಂಗಡಿಯ ಮುಂದೆ ಮೆಣಸಿನಕಾಯಿ ರಾಶಿ ಬಿದ್ದರೆ ಬೀದಿಯಲ್ಲಿ ಹೋದವರೆಲ್ಲ ಸೀನುವವರೇ. ನಾನು ಬೆಲ್ಲದ ಪೆಂಟಿಗಳ, ಆ ದೊಡ್ಡ ಉಂಡೆಗಳ, ಮೇಲೆ ಕೂತು ಆ ಸೀನುಗಳನ್ನು ಸೇರಿಸಿ ಒಂದು ಹಾಡು ಕಟ್ಟಿದ್ದೆ. ಅದಕ್ಕೆ ಗೋಡಂಬಿಯೂ ಸಿಕ್ಕಿತ್ತು.

ಆ ವರ್ಷದ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಮಧ್ಯಾಹ್ನ ಶಾಲೆಯ ಅಂಗಳದಲ್ಲಿ. ಮುಂದಿನ ಕುರ್ಚಿಗಳಲ್ಲಿ ಪೇಟೆಯ ವ್ಯಾಪಾರಸ್ಥರು, ಅವರ ನಡುವೆ ಜರಿ ರುಮಾಲು ಸುತ್ತಿದ ನಮ್ಮಪ್ಪ. ಹೆಡ್ ಮಾಸ್ತರರು ಒಪ್ಪಿದ ಹಾಡುಗಳೆಲ್ಲ ಮುಗಿದವು. ನಾಟಕದ ಹುಡುಗರಿಗೆ ಮೀಸೆ ಅಂಟುತ್ತಿರಲಿಲ್ಲ, ಪರದೆ ಏಳಲಿಲ್ಲ, ಜನ ಗದ್ದಲ ಮಾಡತೊಡಗಿದರು. ಕಂಪನಿಯಲ್ಲಿ ಇಂಥ ಹೊತ್ತಿಗೆ ಯಾರನ್ನಾದರೂ ಹಾಡಲು ಮುಂದೆ ತಳ್ಳುವುದು ರೂಢಿಯಂತೆ. ಮಾಸ್ತರರು ನನ್ನನ್ನು ತಳ್ಳಿದರು. "ಮೆಣಸಿನಕಾಯಿದ ತಗಿ ತಂಗಿ. ಹೆದರಬ್ಯಾಡ, ನಾ ಹಿಂದ ಅದೇನಿ."

ಹಾಡಿದೆ:

ಮೆಣಸಿನಕಾಯಿ ಕೆಂಪ ಕೆಂಪ
ಅಪ್ಪನ ಮೂಗೂ ಕೆಂಪ ಕೆಂಪ
ಆಕ್ಷೀ ಅಂದ್ರ ಅಂಗಡಿ ನಡಗತು
ಬೆಲ್ಲದ ಪೆಂಟಿ ಉಳ್ಳಕೋತ ಹೋತು

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಪ್ಪನೂ ನಕ್ಕ, ಪಕ್ಕದವರು ಅವನ ಮೂಗನ್ನು ನೋಡಲು ಬಗ್ಗಿದರು. ಹಿಂದಿನಿಂದ ಯಾರೋ "ವನ್ಸ್ ಮೋರ್!" ಎಂದರು. ನನಗೆ ವನ್ಸ್ ಮೋರ್ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತಲ್ಲ. ಈ ಸಲ ಚಾಲನ್ನು ತಗ್ಗಿಸಿ, ಎಳೆದು, ಬೇರೆಯೇ ಹಾದಿಯಲ್ಲಿ ತೆಗೆದುಕೊಂಡು ಹೋದೆ:

ಮೆಣಸಿನಕಾಯಿ ಕೆಂಪ ಕೆಂಪ
ಅಪ್ಪನ ಕಣ್ಣೂ ಕೆಂಪ ಕೆಂಪ
ಆಕ್ಷೀ ಅಂದ್ರ ತಕ್ಕಡಿ ವಾಲತು
ವಾಲಿದ ತಕ್ಕಡಿ...

ವ್ಯಾಪಾರಸ್ಥರ ಪೇಟೆಯಲ್ಲಿ ಆಡಬಾರದ ಮಾತು ಅದೊಂದೇ. ಯಾರೋ ಒಬ್ಬರು, "ಮಗಳ ಬಾಯಿಲೆ ಖರೇ ಬಂತ ನೋಡ್ರೆಪಾ!" ಎಂದರು. ಅಂಗಳಕ್ಕೆ ಅಂಗಳವೇ ಹೋ ಎಂದಿತು. ಈ ನಗು ಮೊದಲಿನ ನಗೆಯಲ್ಲ ಎಂದು ಆ ವಯಸ್ಸಿಗೂ ತಿಳಿಯಿತು. ಅಪ್ಪನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಹೆಡ್ ಮಾಸ್ತರರು ಕುರ್ಚಿಯಲ್ಲಿ ಕೆಮ್ಮಿದರು.

ನಾನು ಹಿಂದೆ ತಿರುಗಿ ನೋಡಿದೆ. ಮಾಸ್ತರರ ಕೈ ಟೋಪಿಗೆ ಹೋಯಿತು, ಅಲ್ಲಿಂದ ಪೇಟಿಗೆ ಬಂತು. ಪೇಟಿಯ ಬಾಯಿ ಪೂರ್ತಿ ತೆರೆದು, ನನ್ನ ದನಿ ನನಗೇ ಕೇಳದಷ್ಟು ಜೋರಾಗಿ, ಮೊದಲಿನ ಚಾಲನ್ನು ಬಾರಿಸತೊಡಗಿದರು. ನನ್ನ ಬಾಯಿ ತೆರೆದೇ ಇತ್ತು. "ಮೊದಲಿನ್ದ ಹಾಡ ತಂಗಿ" ಎಂದರು, ನನ್ನ ಮುಖ ನೋಡದೆ. "ಮೊದಲಿನ್ದ, ಮೊದಲಿನ್ದ." ಹಾಡಿದೆ. ಪೇಟಿ ಹೇಳಿದ ಹಾಗೆ, ಒಂದು ಅಕ್ಷರ ಅತ್ತಿತ್ತ ಆಗದಂತೆ ಹಾಡಿದೆ. ಆಗ ಭಾರಿ ಚಪ್ಪಾಳೆ ಬಿತ್ತು. ಹೆಡ್ ಮಾಸ್ತರರೂ ತಟ್ಟಿದರು.

ಮನೆಯಲ್ಲಿ ಅಪ್ಪ ಹೊಡೆಯಲಿಲ್ಲ. ಪಡಸಾಲೆಯಲ್ಲಿ ನಿಲ್ಲಿಸಿ, "ಅದನ್ನ ಯಾರ ಕಲಿಸ್ಯಾರ ನಿನಗ?" ಎಂದು ಕೇಳಿದ.

"ಯಾರೂ ಕಲಿಸಿಲ್ಲಪಾ."

"ಯಾರೂ ಕಲಿಸದ ಹಾಡ ಹೆಂಗ ಬರ್ತೈತಿ? ಎದರಂಗಡ್ಯಾಂವ ಪೆಪ್ಪರಮಿಂಟ ಕೊಟ್ಟ ಕಲಿಸ್ಯಾನೇನ? ಖರೇ ಹೇಳು."

ಕಲಿಸದೆ ಮಗುವಿನ ಬಾಯಲ್ಲಿ ಹಾಡು ಹುಟ್ಟುತ್ತದೆ ಎಂದು ಅಪ್ಪ ಕೊನೆಯವರೆಗೂ ನಂಬಲಿಲ್ಲ. ಎದುರಂಗಡಿಯವನ ಜೊತೆ ಆತ ವರ್ಷಗಟ್ಟಲೆ ಮಾತು ಬಿಟ್ಟ. ಪಾಪ, ಅವನಿಗೆ ಯಾಕೆಂದೇ ಗೊತ್ತಿರಲಿಲ್ಲ. ಅವ್ವ ಬೀಸುವಾಗ ದಿನಾ ತಾನೇ ಹೊಸ ಹೊಸ ನುಡಿ ಕಟ್ಟಿ ಹಾಡುವವಳು, ಅತ್ತೆಯನ್ನೂ ನಾದಿನಿಯನ್ನೂ ಅದರಲ್ಲಿ ಹಣಿಯುವವಳು. ಅವಳಾದರೂ ನನ್ನ ಪರ ಮಾತಾಡಿಯಾಳು ಎಂದುಕೊಂಡೆ. "ಬೀಸೂಕಲ್ಲಿನ ಮುಂದ ಹಾಡೂದ ಬ್ಯಾರೆ, ಕುರ್ಚಿಮ್ಯಾಲೆ ಕುಂತ ಮಂದಿ ಮುಂದ ಹಾಡೂದ ಬ್ಯಾರೆ" ಎಂದು ನನ್ನ ಜಡೆ ಬಿಗಿಯಾಗಿ ಹೆಣೆದಳು. ಪೇಟೆಯಲ್ಲಿ ಸುಗ್ಗಿ ಮುಗಿಯುವತನಕ, "ಅಣ್ಣಾರ, ಇವತ್ತ ತಕ್ಕಡಿ ನೆಟ್ಟಗೈತೇನ್ರಿ?" ಎಂದು ಅಪ್ಪನನ್ನು ಕಾಡಿದರು. ಅಪ್ಪ ಪ್ರಾಮಾಣಿಕ. ಅವನ ತಕ್ಕಡಿ ಎಂದೂ ವಾಲಿರಲಿಲ್ಲ. ಅದಕ್ಕೇ ಅವನು ಕುಗ್ಗಿದ, ಅವನನ್ನು ನೋಡಿ ನಾನು ಕುಗ್ಗಿದೆ. ನನ್ನೊಳಗಿನಿಂದ ತಾನಾಗಿ ಬರುವುದು ಏನೋ ಹೊಲಸು, ಮಂದಿಯ ಮುಂದೆ ಬಾಯಿ ಮುಚ್ಚಿಕೊಳ್ಳಬೇಕು ಎಂಬ ನಾಚಿಕೆ ಅವತ್ತು ಮೈಗೆ ಹತ್ತಿದ್ದು ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಮಾಸ್ತರರು ಅಂಗಡಿಗೆ ಬಂದರು. ನಾನು ಒಳಬಾಗಿಲ ಮರೆಯಲ್ಲಿದ್ದೆ. ಟೋಪಿ ಕೈಯಲ್ಲಿ ಹಿಡಿದು ಕಟ್ಟೆಯ ಕೆಳಗೆ ನಿಂತರು. ತಪ್ಪು ಮಗುವಿನದಲ್ಲ, ಮಗುವಿಗೆ ಮುಗಿಸಲು ಬಿಡದವನು ನಾನು ಎಂದು ಹೇಳಲು ಬಂದಿದ್ದರೆಂದು ಈಗ ಅನ್ನಿಸುತ್ತದೆ. ಅಪ್ಪ "ಏನ್ರಿ ಮಾಸ್ತರ?" ಎಂದ. ಮಾಸ್ತರರು ರಾಶಿಯ ಕಡೆ ನೋಡಿದರು, ತಕ್ಕಡಿಯ ಕಡೆ ನೋಡಿದರು. "ಅರ್ಧಾ ಸೇರ ಮೆಣಸಿನಕಾಯಿ ಕೊಡ್ರಿ" ಎಂದರು. ಅಪ್ಪ ಸರಿಯಾಗಿ ತೂಗಿ, ಮೇಲೆ ಒಂದು ಹಿಡಿ ಹೆಚ್ಚೇ ಹಾಕಿದ. ಮಾಸ್ತರರು ನೇಸರಿ ಬಸ್ಸಿಗೆ ಹೋದರು.

ಆಮೇಲೆ ಹಾಡಿನ ತಾಸಿನಲ್ಲಿ ನಾನು ಬರೀ ತುಟಿ ಅಲ್ಲಾಡಿಸುತ್ತಿದ್ದೆ. ಮಾಸ್ತರರಿಗೆ ಅದು ಗೊತ್ತಿತ್ತು. ನನ್ನ ಸಾಲಿನ ಹತ್ತಿರ ಬಂದಾಗ ತಲೆ ತಗ್ಗಿಸಿ ದಾಟುತ್ತಿದ್ದರು. ಕಾಲರು ಎತ್ತಿ ವನ್ಸ್ ಮೋರ್ ಎನ್ನುವುದೂ ನಿಂತಿತು. ಮುಂದಿನ ವರ್ಷ ಶಾಲೆ ತೆರೆದಾಗ ಅವರಿರಲಿಲ್ಲ.

ಮತ್ತೆ ಅವರನ್ನು ನೋಡಿದ್ದು ಅರವತ್ತರ ದಶಕ ಮುಗಿಯುತ್ತ ಬಂದಾಗ, ಇಚಲಕರಂಜಿಯಲ್ಲಿ. ನಾನು ಕೊಲ್ಹಾಪುರದಲ್ಲಿ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದೆ. ಪಾಠ ಮಾಡಿ ತೋರಿಸಲು ನಮ್ಮನ್ನು ಅಲ್ಲಿನ ಒಂದು ಬಾಲವಾಡಿಗೆ ಕಳಿಸಿದರು. ಮಗ್ಗದ ಕೆಲಸಗಾರರ ಮಕ್ಕಳು, ಗೋಡೆಯಾಚೆಯೇ ಪವರ್‌ಲೂಮಿನ ಶೆಡ್ಡು, ಹಗಲೆಲ್ಲ ಖಟಾಖಟ್ ಖಟಾಖಟ್. ಮೂಲೆಯಲ್ಲಿ ಪೇಟಿಯ ಹಿಂದೆ ಅದೇ ಕೋಟು, ಅದೇ ಮೊಣಕೈ. ಕೂದಲು ಮಾತ್ರ ಹೋಗಿತ್ತು, ವಾಸನೆ ಎಣ್ಣೆಯ ಜಂಬಕ್ಕೆ ಜಾಗವೇ ಇರಲಿಲ್ಲ. ನನ್ನನ್ನು ಗುರುತಿಸಿದರು. "ಬರ್ರಿ ಬಾಯಿ" ಎಂದು ಎದ್ದು ನಿಂತರು. ಶಿಕ್ಷಕಿಯರನ್ನು ಕರೆಯುವ ಹಾಗೆ ಬಾಯಿ ಎಂದರು. ನನಗೆ ಮೈ ಹಿಡಿಯಾದರೂ ಒಳಗೊಳಗೆ ಹಿಗ್ಗೂ ಆಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಪಾಠ ಹಾಡಿನದು. ನಾನು ಒಂದು ಸಾಲು ಹೇಳುವುದು, ಮಕ್ಕಳು ತಿರುಗಿ ಹೇಳುವುದು, ಮಾಸ್ತರರು ಬಾರಿಸುವುದು. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ಸಾಲು ಮುಗಿದಲ್ಲಿ ನಿಲ್ಲದೆ, ಗೋಡೆಯಾಚೆಯ ಮಗ್ಗಕ್ಕೆ ತಲೆ ಹಾಕುತ್ತ, ಖಟಾಖಟಾ ಎಂದು ತನ್ನದೊಂದು ಬಾಲ ಜೋಡಿಸಿದಳು. ಉಳಿದ ಮಕ್ಕಳು ಕುಲುಕುಲು ನಕ್ಕರು. ಕಾಲೇಜಿನಿಂದ ಪರೀಕ್ಷಿಸಲು ಬಂದ ಬಾಯಿಯವರು ಹಿಂದಿನಿಂದ ತಲೆ ಎತ್ತಿದರು. "ಹಂಗಲ್ಲವಾ, ಹಿಂಗ" ಎಂದು ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ, ಸರಿಯಾಗಿ ಬರುವತನಕ ಹೇಳಿಸಿದೆ. ಮಾಸ್ತರರು ನಾನು ಹೇಳಿದ್ದನ್ನೇ ಬಾರಿಸಿದರು. ಪಾಠ ಚೆನ್ನಾಗಾಯಿತು ಎಂದು ಕಾಲೇಜಿನ ಬಾಯಿಯವರು ಬೆನ್ನು ತಟ್ಟಿ ಹೋದರು.

ಮಕ್ಕಳು ಹಾಲು ಕುಡಿಯಲು ಹೊರಗೆ ಓಡಿದ ಮೇಲೆ ಕೋಣೆಯಲ್ಲಿ ನಾವಿಬ್ಬರೇ. ಮಾಸ್ತರರು ಪಟ್ಟಿಗಳನ್ನು ನೋಡುತ್ತಲೇ, ಒಂದೇ ಬೆರಳಿನಲ್ಲಿ, ಮೆಲ್ಲಗೆ ಏನನ್ನೋ ಬಾರಿಸತೊಡಗಿದರು. ಮಗ್ಗಗಳ ಸದ್ದಿನಲ್ಲಿ ಮೊದಲು ತಿಳಿಯಲಿಲ್ಲ. ಆಮೇಲೆ ಗುರುತು ಸಿಕ್ಕಿತು. ಮೆಣಸಿನಕಾಯಿ ಕೆಂಪ ಕೆಂಪ. ಚಪ್ಪಾಳೆ ಬಿದ್ದದ್ದಲ್ಲ, ಎರಡನೆಯ ಸಲದ್ದು, ತಗ್ಗಿಸಿ ಎಳೆದದ್ದು. ನನಗೇ ಮರೆತುಹೋಗಿದ್ದ ಆ ಚಾಲನ್ನು ಈ ಮನುಷ್ಯ ಇಷ್ಟು ವರ್ಷ ಇಟ್ಟುಕೊಂಡಿದ್ದ. 'ವಾಲಿದ ತಕ್ಕಡಿ'ವರೆಗೆ ಬಂದು ಬೆರಳೆತ್ತಿದರು. ಗಾಳಿ ತುಂಬಿದ ಪೇಟಿಯ ಮೇಲೆ ಎಡಗೈ ಹಾಗೇ ಇತ್ತು. ನನ್ನ ಕಡೆ ನೋಡಿ, ಕಾಲರನ್ನು ಒಂದಿಷ್ಟು ಮೇಲೆತ್ತಿ, ಬಹಳ ಮೆಲ್ಲಗೆ, "ವನ್ಸ್ ಮೋರ್" ಎಂದರು.

ನಾನು ನೆನಪಿಸಿಕೊಳ್ಳಲು ನೋಡಿದೆ. ವಾಲಿದ ತಕ್ಕಡಿ ಆಮೇಲೆ ಏನು ಮಾಡಿತ್ತು? ಏನೂ ಹೊಳೆಯಲಿಲ್ಲ. ಮಂದಿಯ ಮುಂದೆ ಪಾಠ ಮರೆತವಳ ಹಾಗೆ ಮುಖ ಬಿಸಿಯಾಯಿತು. "ನೆನಪಿಲ್ರಿ ಸರ್. ಮುಂದಿಂದ ಮರ್ತೇನಿ" ಎಂದೆ.

"ಹೌದೇನ್ರಿ?" ಎಂದರು. ಎತ್ತಿದ ಕಾಲರನ್ನು ಇಳಿಸಿದರು. "ನನಗೂ ಕೇಳಾಕ ಆಗಲಿಲ್ಲ ಅವತ್ತ. ನಾನ ಬಾರಸಾಕತ್ತಿದ್ದೆ." ಪೇಟಿಯ ಬಾಯಿ ಮುಚ್ಚಿ ಕೊಂಡಿ ಹಾಕಿದರು. ಕೈ ಕೋಟಿನ ಜೇಬಿಗೆ ಹೋಯಿತು. ಎದ್ದು ಬಾಗಿಲಿಗೆ ಹೋಗಿ, ಹಾಲಿನ ಮೀಸೆ ಹಚ್ಚಿಕೊಂಡು ನಿಂತಿದ್ದ ಆ ಪುಟ್ಟ ಹುಡುಗಿಯ ಅಂಗೈಯಲ್ಲಿ ಗೋಡಂಬಿ ಇಟ್ಟರು. "ನಿಂದು ಭಾಳ ಚಲೋ ಇತ್ತವಾ. ಖಟಾಖಟಾ" ಎಂದರು. ನನಗೆ ಸಿಟ್ಟು ಬಂತು. ಪಾಠ ಮಾಡಿದವಳ ಎದುರೇ ತಪ್ಪು ಹಾಡಿದವಳಿಗೆ ಬಹುಮಾನವೇ ಎಂದು ಬಸ್ಸಿನಲ್ಲಿ ಕೊಲ್ಹಾಪುರದವರೆಗೂ ಕುದಿಯುತ್ತ ಹೋದೆ. ಮತ್ತೆ ಅವರನ್ನು ನೋಡಲು ಹೋಗಲಿಲ್ಲ. ಮುಂದೆ ಕೆಲಸ ಸಿಕ್ಕಿ ಗಡಹಿಂಗ್ಲಜಕ್ಕೇ ಬಂದೆ, ನೇಸರಿ ಎಷ್ಟು ದೂರ? ಆದರೂ ಹೋಗಲಿಲ್ಲ.

ಇನ್ನು ಸ್ಟಾಫ್ ರೂಮಿನ ಆ ಮಾತು. ಸಹೋದ್ಯೋಗಿ ರೊಟ್ಟಿ ಮುರಿಯುತ್ತ ಹೇಳಿದರು: "ದಿನಾ ಸಂಜಿಮುಂದ ಕಟ್ಟಿಮ್ಯಾಲೆ ಪೇಟಿ ಇಟ್ಕೊಂಡ ಒಂದ ಚಾಲ ಬಾರಸ್ತಿದ್ರು ನೋಡ್ರಿ. ಅರ್ಧಾತನಕಾ ಯಾವಾಗಲೂ ಒಂದ ನಮೂನಿ. ಆಮ್ಯಾಲೆ ದಿನಕ್ಕೊಂದ ನಮೂನಿ. ಇದ ಯಾವ ನಾಟಕದ್ದರಿ ಅಂತ ಕೇಳಿದ್ರ, ನಾಟಕದ್ದಲ್ಲೋ, ಗಡಹಿಂಗ್ಲಜದ್ದು, ಕಟ್ಟಿದಾಕಿ ಇನ್ನಾ ಮುಗಿಸಿಲ್ಲ, ಅಲ್ಲೀತನಕಾ ನಾ ನಡಸ್ತೇನಿ ಅಂತಿದ್ರು. ತಲಿ ಸ್ವಲ್ಪ ಹೋಗಿತ್ತೋ ಏನೋ ಮುದುಕಂದು."

ಇಚಲಕರಂಜಿಯ ಆ ಕೋಣೆಯಲ್ಲಿ ಅವರು ನನ್ನನ್ನು ನೆನಪಿಸಿಕೋ ಎಂದು ಕೇಳಿರಲೇ ಇಲ್ಲ. ವನ್ಸ್ ಮೋರ್ ಎಂದಿದ್ದರು. ಅದರ ಅರ್ಥವನ್ನು ಹೇಳಿಕೊಟ್ಟವರೂ ಅವರೇ. ವಾಲಿದ ತಕ್ಕಡಿ ನೆಟ್ಟಗಾಯಿತು ಎಂದೋ, ಬೀದಿಗೆ ಓಡಿಹೋಯಿತು ಎಂದೋ, ಅದೂ ಆಕ್ಷೀ ಎಂದಿತು ಎಂದೋ ಬಾಯಿಗೆ ಬಂದದ್ದನ್ನು ಹಾಡಿದ್ದರೆ ಸಾಕಿತ್ತು. ಮುದುಕರು ನಗುತ್ತಿದ್ದರು, ಗೋಡಂಬಿ ನನಗೆ ಬರುತ್ತಿತ್ತು, ಅಂಗಳದ ಆ ಮಧ್ಯಾಹ್ನ ಅವರ ತಲೆಯಿಂದ ಇಳಿಯುತ್ತಿತ್ತು. ನಾನು ಉತ್ತರ ಮರೆತೆ ಎಂದು ಹೇಳಿ ಬಂದೆ. ಅವರು ಅವತ್ತು ಹೆದರಿ ಮಾಡಿದ್ದನ್ನು, ಮಗುವಿನ ಹಾಡನ್ನು ಮುಚ್ಚಿಸುವುದನ್ನು, ನಾನು ಕಲಿತು ಮಾಡುತ್ತಿದ್ದೆ, ಅಷ್ಟೇ. ಇದಕ್ಕಿಂತ ನಾಚಿಕೆ ನನಗೆ ಬೇರೆ ಇಲ್ಲ.

ಬೆಲ್ ಆಯಿತು. ಡಬ್ಬಿ ಮುಚ್ಚಿ ಎದ್ದೆ. ಎರಡನೆಯ ಇಯತ್ತೆಗೆ ಹಾಡಿನ ತಾಸು. ನಾನು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಎದ್ದು ನಿಂತು, ನಾನು ಕಲಿಸಿದ ಹಾಡನ್ನು, ನಾನು ಕಲಿಸಿದ ಹಾಗೆಯೇ, ಒಬ್ಬರೂ ತಪ್ಪದೆ ಹಾಡಿದರು. ನನಗೆ ತಲೆ ಎತ್ತಲಾಗಲಿಲ್ಲ.